‘ಅನ್‌ಪೇರ್ ಮಾಡಿ ನೋಡಿ’ ಎಂಬ ಪದ್ಧತಿ

ಲಿನಕ್ಸ್ ಲ್ಯಾಪ್‌ಟಾಪಿಗೆ ಬ್ಲೂಟೂತ್ ಸ್ಪೀಕರ್ ಕೂಡಿಕೊಳ್ಳದಿದ್ದರೆ ಬಲ್ಲವರು ಹೇಳುವ ಮದ್ದು ಒಂದೇ: ಅನ್‌ಪೇರ್ ಮಾಡಿ, ಮತ್ತೆ ಪೇರ್ ಮಾಡಿ, ಆಗದಿದ್ದರೆ ರೀಬೂಟ್. ಈ ಪದ್ಧತಿಗೆ ಸಿಕ್ಕ ಹೆಸರು ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ಫಲಿಸಿದಾಗ ಅದು ಕಾರಣವನ್ನು ಮುಚ್ಚಿಹಾಕುತ್ತದೆ, ಫಲಿಸದಾಗ ತಪ್ಪನ್ನು ಸ್ಪೀಕರಿನ ತಲೆಗೆ ಕಟ್ಟುತ್ತದೆ. ಶಿರವಾಳದಂಥ ಹಳ್ಳಿಯವರು ಇದನ್ನು ನಂಬಿ ಶಹಾಪುರದ ಪೇಟೆಗೆ ಹೋಗಿ ಇನ್ನೊಂದು ಸ್ಪೀಕರ್ ತಂದರೆ ದುಡ್ಡು ಹೋಗುತ್ತದೆ, ದೋಷ ಉಳಿಯುತ್ತದೆ.

ಲಾಗ್‌ನಲ್ಲಿ ಬೀಳುವ ಒಂದು ಸಾಲನ್ನೇ ನೋಡೋಣ. ಎ2ಡಿಪಿ (ಹಾಡು ಕಳಿಸುವ ಬ್ಲೂಟೂತ್ ಪ್ರೊಫೈಲ್) ಸಂಪರ್ಕ ವಿಫಲವಾಯಿತು, ‘ಪ್ರೊಟೊಕಾಲ್ ನಾಟ್ ಅವೈಲಬಲ್’ ಎನ್ನುತ್ತದೆ ಲಿನಕ್ಸಿನ ಬ್ಲೂಟೂತ್ ತಂತ್ರಾಂಶವಾದ ಬ್ಲೂಝಡ್; ಹೊಸ ಆವೃತ್ತಿಗಳಲ್ಲಿ ‘ಪ್ರೊಫೈಲ್ ಅನ್‌ಅವೈಲಬಲ್’. ಓದಿದವರು ಸ್ಪೀಕರಿಗೇ ಆ ಶಕ್ತಿಯಿಲ್ಲ ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಕೊರತೆ ಇರುವುದು ನಮ್ಮ ಕಡೆಯಲ್ಲಿ. ಬ್ಲೂಝಡ್ ಸಂಪರ್ಕವನ್ನಷ್ಟೇ ನೋಡಿಕೊಳ್ಳುತ್ತದೆ. ಧ್ವನಿಯನ್ನು ಎಸ್‌ಬಿಸಿಯಂಥ ಕೊಡೆಕ್‌ಗೆ ಇಳಿಸಿ ಕಳಿಸುವವನು ಪೈಪ್‌ವೈರ್ ಅಥವಾ ಪಲ್ಸ್‌ಆಡಿಯೊ ಎಂಬ ಸೌಂಡ್ ಸರ್ವರ್. ಆ ಸರ್ವರ್ ‘ಈ ಕೆಲಸಕ್ಕೆ ನಾನಿದ್ದೇನೆ’ ಎಂದು ಮೊದಲೇ ಬ್ಲೂಝಡ್‌ನಲ್ಲಿ ಹೆಸರು ಬರೆಸಿರಬೇಕು. ಬರೆಸಿಲ್ಲವಾದರೆ ಸ್ಪೀಕರ್ ಬಾಗಿಲು ತೆರೆದರೂ ಒಳಗೆ ಹೋಗುವವರಿಲ್ಲ. ಪೇರಿಂಗ್ ಅಂದರೆ ಕೀಗಳ ವಿನಿಮಯ. ಅದು ಆಗಲೇ ಮುಗಿದಿದೆ. ಮತ್ತೆ ಹತ್ತು ಸಲ ಮಾಡಿದರೂ ಆ ಹೆಸರು ಪಟ್ಟಿಗೆ ಬರುವುದಿಲ್ಲ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಪೈಪ್‌ವೈರ್‌ನ ಬ್ಲೂಟೂತ್ ಭಾಗ ‘ಲಿಬ್‌ಸ್ಪಾ-0.2-ಬ್ಲೂಟೂತ್’ ಎಂಬ ಬೇರೆಯೇ ಪ್ಯಾಕೇಜು. ಅದಿಲ್ಲದಿದ್ದರೆ ಹಾಕಿ, ಪೈಪ್‌ವೈರ್‌ನ ಮೇಲ್ವಿಚಾರಕನಾದ ವೈರ್‌ಪ್ಲಂಬರನ್ನು ಮರುಚಾಲೂ ಮಾಡಬೇಕು. ಪ್ಯಾಕೇಜು ಇದ್ದೂ ಸರ್ವರ್ ನಿಂತುಹೋಗಿದ್ದರೆ ರೀಬೂಟ್ ಅದನ್ನು ಎಬ್ಬಿಸುತ್ತದೆ. ಆಗ ಕೀರ್ತಿಯೆಲ್ಲ ಜೊತೆಯಲ್ಲೇ ಮಾಡಿದ ಅನ್‌ಪೇರಿಗೆ ಸಲ್ಲುತ್ತದೆ, ಪದ್ಧತಿ ಇನ್ನಷ್ಟು ಗಟ್ಟಿಯಾಗುತ್ತದೆ.

ಧ್ವನಿ ಹಳೆಯ ಫೋನಿನಂತೆ ಕೇಳುವ ದೂರಿನ ಕಥೆಯೂ ಇದೇ. ಯಾವುದೋ ಆ್ಯಪ್ ಮೈಕ್ ತೆರೆದಿದೆ, ಸ್ಪೀಕರ್ ಹೆಡ್‌ಸೆಟ್ ಪ್ರೊಫೈಲಿಗೆ ಇಳಿದು 8 ಅಥವಾ 16 ಕಿಲೋಹರ್ಟ್ಸ್‌ನಲ್ಲಿ ಹಾಡುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಎ2ಡಿಪಿ ಆರಿಸಿದರೆ ಸಾಕು.

ಕೀ ಹೊಂದದಿದ್ದಾಗ ಏನು ಮಾಡುತ್ತೀರಿ ಎಂದು ಕೇಳಬಹುದು. ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದು, ವಿಂಡೋಸಿನಿಂದ ಪೇರ್ ಮಾಡಿದರೆ ಲಿನಕ್ಸಿನ ಹಳೆಯ ಕೀ ಕೆಡುತ್ತದೆ. ಅಲ್ಲಿ ಅನ್‌ಪೇರ್ ಸರಿಯಾದ ಮದ್ದೇ. ಒಂದು ರೋಗದ ಮದ್ದನ್ನು ಎಲ್ಲ ರೋಗಕ್ಕೂ ಕುಡಿಸುವುದಕ್ಕೆ ನನ್ನ ಆಕ್ಷೇಪ.

ಇನ್ನೊಂದು ಬಣವಿದೆ. ಎಲ್ಲಕ್ಕೂ ಲೆನಾರ್ಟ್ ಪೊಟೆರಿಂಗ್ ಅವರ ಪಲ್ಸ್‌ಆಡಿಯೊ ಕಾರಣ, ವಿಮ್ ಟೇಮನ್ಸ್ ಅವರ ಪೈಪ್‌ವೈರ್ ಬಂದಮೇಲೆ ಕಷ್ಟ ತೀರಿತು ಎನ್ನುವವರು. ಫೆಡೋರಾ 34 (2021), ಉಬುಂಟು 22.10 (2022) ಪೈಪ್‌ವೈರನ್ನೇ ಮುಂದಿಟ್ಟವು ನಿಜ. ಆದರೆ ಬ್ಲೂಟೂತ್ ಭಾಗ ಇಲ್ಲದ ಪೈಪ್‌ವೈರ್ ಕೂಡ ಲಾಗ್‌ನಲ್ಲಿ ಆ ದೋಷದ ಸಾಲನ್ನೇ ಬರೆಸುತ್ತದೆ. ಲಿನಕ್ಸಿಗೆ ಧ್ವನಿಯೇ ಒಗ್ಗದು ಎಂಬ ಮಾತಂತೂ ತೀರಾ ಹಗುರ. ಕಾಸರಗೋಡನ್ನೂ ಒಳಗೊಂಡ ಕೇರಳದ ಹೈಟೆಕ್ ಶಾಲಾ ಯೋಜನೆ 45,000 ತರಗತಿಗಳ ಗುರಿಯಿಟ್ಟು ಹೊರಟಾಗ, ಉಬುಂಟು ಆಧಾರಿತ ವ್ಯವಸ್ಥೆಯ ಲ್ಯಾಪ್‌ಟಾಪುಗಳ ಜೊತೆ ಕೊಟ್ಟದ್ದು ಯುಎಸ್‌ಬಿ ಸ್ಪೀಕರ್. ಅಲ್ಲಿ ಕೀ ಇಲ್ಲ, ಪ್ರೊಫೈಲಿನ ಒಪ್ಪಂದವಿಲ್ಲ. ಕರ್ನಲ್ಲಿನ ಡ್ರೈವರ್ ಸಾಧನವನ್ನು ಗುರುತಿಸಿದರೆ ಸರ್ವರ್ ಅದಕ್ಕೆ ಧ್ವನಿ ಕಳಿಸುತ್ತದೆ. ಒಂದೇ ಕಡೆ ಕೂತು ಕದಲದ ಸ್ಪೀಕರಿಗೆ ಬ್ಲೂಟೂತ್ ಯಾಕೆ ಬೇಕು ಎಂಬುದಕ್ಕೆ ಅನ್‌ಪೇರ್ ಪದ್ಧತಿಯ ಭಕ್ತರಲ್ಲಿ ಉತ್ತರವಿಲ್ಲ.