ಸೋರುವ ಮಾಳಿಗೆ, ಆರು ತಂತಿ

ಹುಲಿಯೂರುದುರ್ಗದ ಬೆಟ್ಟಕ್ಕೆ ಮೋಡ ಕವಿದ ಸಂಜೆ ನಾನು ಹಾಕಿಕೊಳ್ಳುವುದು ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂ. ಹಿಂದಿ, ಇಂಗ್ಲಿಷ್‌ನ ಅವರದೇ ಹಾಡುಗಳ ನಡುವೆ ಶಿಶುನಾಳ ಷರೀಫರ ಎರಡು ತತ್ವಪದಗಳು ಅದರಲ್ಲಿವೆ: ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನಿಯ ಮಾಳಿಗಿ’.

ಸಿ. ಅಶ್ವಥ್ ಅವರ ದನಿಯಲ್ಲಿ ಈ ಪದಗಳನ್ನು ಕೇಳಿ ಬೆಳೆದ ಕಿವಿ ನನ್ನದು. ಗಿಟಾರ್ ಜೊತೆ ಅವು ಸೊರಗಬಹುದೆಂಬ ಅಳುಕಿತ್ತು. ಆಗಿದ್ದೇ ಬೇರೆ. ಭಜನೆಯಲ್ಲಿ ಏಕತಾರಿ ಒಂದೇ ಶ್ರುತಿ ಹಿಡಿದು ಗುಂಯ್‌ಗುಡುತ್ತದಲ್ಲ, ಅದರ ಮೇಲೆ ಹಾಡುವವರು ಸ್ವರವನ್ನು ಕೊಂಚ ಬಾಗಿಸಿ, ಜಾರಿಸಿ, ಎದೆಯಿಂದ ಎತ್ತುತ್ತಾರೆ. ಬ್ಲೂಸ್ ಗಿಟಾರಿನವರು ತಂತಿಯನ್ನು ಬೆರಳಿಂದ ಪಕ್ಕಕ್ಕೆಳೆದು ಹುಡುಕುವುದೂ ಎರಡು ಸ್ವರಗಳ ನಡುವಿನ ಆ ಜಾಗವನ್ನೇ. ರಘು ಅವರ ಗಡುಸು ಕಂಠ ಅಲ್ಲಿ ಸಲೀಸಾಗಿ ನಿಲ್ಲುತ್ತದೆ. ಸೋರುವ ಮನೆಯ ಸಂಕಟವನ್ನು ಅವರು ಅತ್ತು ಹೇಳುವುದಿಲ್ಲ, ಕೂಗಿ ಕರೆದು ಹೇಳುತ್ತಾರೆ. ಅದೇ ನನಗೆ ಬಲು ಇಷ್ಟ.

ಹಳಬರ ಪದ ಎತ್ತಿಕೊಂಡು ಪಕ್ಕದಲ್ಲಿ ತನ್ನದೊಂದನ್ನು ಇಡುವುದಕ್ಕೆ ಎದೆಗಾರಿಕೆ ಬೇಕು. 1962ರ ಬಾಬ್ ಡಿಲನ್ ಅವರ ಮೊದಲ ಆಲ್ಬಂನ 13 ಹಾಡುಗಳಲ್ಲಿ ಸ್ವಂತದವು ಎರಡೇ. ಉಳಿದವು ಜನಪದ, ಬ್ಲೂಸ್ ಹಾಡುಗಳು. ರಘು ಅವರ ಎಂಟರಲ್ಲಿ ಎರಡು ಷರೀಫರವು, ಆದರೆ ಇಡೀ ಆಲ್ಬಂಗೆ ಮಣ್ಣಿನ ವಾಸನೆ ಕೊಟ್ಟವು ಅವೇ.

ನಮ್ಮ ಹೆಂಚಿನ ಮನೆಯಲ್ಲಿ ಮಳೆ ಹಿಡಿದಾಗ ಅಮ್ಮ ಸೋರುವಲ್ಲಿ ಪಾತ್ರೆ ಇಡುತ್ತಾಳೆ. ಹಾಡಿನ ನಡುವೆ ಟಪ್, ಟಪ್. ನಾನು ದನಿ ಇನ್ನಷ್ಟು ಏರಿಸುತ್ತೇನೆ.