ಮತಪೆಟ್ಟಿಗೆಯೂ ಸಮಾನತೆಯೂ: ಒಂದು ತೀರ್ಪಿನ ವಿಮರ್ಶೆ

ಪ್ರಜಾಪ್ರಭುತ್ವದಲ್ಲಿ ಜನಮತವೇ ಕೊನೆಯ ಪ್ರಮಾಣವೆಂಬುದು ಸಾಮಾನ್ಯವಾದ ನಂಬಿಕೆ. ಆದರೆ ಅಲ್ಪಸಂಖ್ಯಾತರಿಗೆ ದೊರೆತ ರಕ್ಷಣೆಯನ್ನು ಉಳಿಸಬೇಕೆ, ಅಳಿಸಬೇಕೆ ಎಂದು ಬಹುಸಂಖ್ಯಾತರನ್ನು ಕೇಳುವುದು ಯುಕ್ತವೆ? ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಬರಹಗಳಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1996ರ ಮೇ 20ರಂದು ನೀಡಿದ ‘ರೋಮರ್ ವಿರುದ್ಧ ಇವಾನ್ಸ್’ ತೀರ್ಪು ಮುಖ್ಯವಾದುದು. ಅದನ್ನು ವಕೀಲರ ಕಡತವೆಂದು ಬದಿಗಿಡದೆ, ವಾದಗ್ರಂಥವೆಂದು ಓದಿ ಗುಣದೋಷಗಳನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಸಂದರ್ಭ. ಕೊಲೊರಾಡೊ ಸಂಸ್ಥಾನದ ಆಸ್ಪೆನ್, ಬೌಲ್ಡರ್, ಡೆನ್ವರ್ ನಗರಗಳು ಮನೆ ಬಾಡಿಗೆ, ಉದ್ಯೋಗ ಮುಂತಾದವುಗಳಲ್ಲಿ ಸಲಿಂಗಾನುರಾಗಿಗಳಿಗೆ ಭೇದವೆಣಿಸಬಾರದೆಂದು ನಿಯಮ ಮಾಡಿದ್ದುವು. 1992ರ ನವೆಂಬರಿನಲ್ಲಿ ಮತದಾರರು ನೂರಕ್ಕೆ ಸುಮಾರು 53ರ ಬಹುಮತದಿಂದ ಸಂಸ್ಥಾನದ ಸಂವಿಧಾನಕ್ಕೆ ‘ಎರಡನೆಯ ತಿದ್ದುಪಡಿ’ಯನ್ನು ಅಂಗೀಕರಿಸಿದರು. ಆ ನಿಯಮಗಳನ್ನು ತೊಡೆಯುವುದಷ್ಟೇ ಅದರ ಗುರಿಯಲ್ಲ. ಮುಂದೆ ಯಾವ ನಗರಸಭೆಯಾಗಲಿ ಶಾಸನಸಭೆಯಾಗಲಿ ಅಂಥ ರಕ್ಷಣೆ ನೀಡದಂತೆ ಬಾಗಿಲು ಮುಚ್ಚುವುದೂ ಆಗಿತ್ತು. ನ್ಯಾಯಾಲಯಗಳು ತಡೆದುದರಿಂದ ಅದು ಜಾರಿಗೆ ಬರಲಿಲ್ಲ.

ಪೂರ್ವಪಕ್ಷವನ್ನು ಭಿನ್ನಮತದ ನ್ಯಾಯಮೂರ್ತಿ ಸ್ಕಾಲಿಯಾ ಸಮರ್ಥವಾಗಿಯೇ ಮಂಡಿಸಿದ್ದಾರೆ. ಮೂರು ನಗರಗಳ ಬಹುಮತ ಕೊಟ್ಟುದನ್ನು ಇಡೀ ಸಂಸ್ಥಾನದ ಬಹುಮತ ಹಿಂತೆಗೆದುಕೊಂಡರೆ ಅನ್ಯಾಯವೇನು? ನಿರಾಕರಿಸಿದ್ದು ವಿಶೇಷ ಸವಲತ್ತನ್ನು, ಸಮಾನತೆಯನ್ನಲ್ಲ ಎಂಬುದು ಅವರ ವಾದದ ಸಾರ. ಸಲಿಂಗಾನುರಾಗದ ವರ್ತನೆಯನ್ನು ಅಪರಾಧವೆಂದು ಗಣಿಸಬಹುದೆಂದ 1986ರ ‘ಬೋವರ್ಸ್’ ತೀರ್ಪನ್ನೂ ಅವರು ನೆನಪಿಸುತ್ತಾರೆ.

ಆರು ಮಂದಿಯ ಬಹುಮತದ ಪರವಾಗಿ ಬರೆದ ನ್ಯಾಯಮೂರ್ತಿ ಕೆನಡಿಯವರ ಉತ್ತರ ಎರಡು ಬಗೆಯದು. ಮೊದಲನೆಯದು: ಉಳಿದವರು ರಕ್ಷಣೆ ಬೇಕಾದಾಗ ನಗರಸಭೆಗೆ ಹೋಗಬಹುದು, ಈ ಒಂದು ವರ್ಗದವರು ಮಾತ್ರ ಸಂವಿಧಾನವನ್ನೇ ತಿದ್ದಿಸಬೇಕು. ಇದು ಸವಲತ್ತಿನ ನಿರಾಕರಣೆಯಲ್ಲ, ಪೌರತ್ವದ ಕೊರತೆ. ಬ್ಯಾಂಕಿನ ಉದಾಹರಣೆ ಕೊಡುವುದಾದರೆ, ಲಾಭಾಂಶವೆಷ್ಟೆಂಬುದನ್ನು ವಾರ್ಷಿಕ ಸಭೆಯಲ್ಲಿ ಷೇರುದಾರರ ಬಹುಮತ ನಿರ್ಣಯಿಸಬಹುದು. ಇಂಥ ಠೇವಣಿದಾರನ ಹಣವನ್ನು ಹಿಂದಿರುಗಿಸಬೇಕಾಗಿಲ್ಲವೆಂದು ನಿರ್ಣಯಿಸಲಾಗದು. ಈ ವಾದ ಅಚಲವಾದುದೆಂದು ನಮ್ಮ ಅಭಿಪ್ರಾಯ.

ಎರಡನೆಯದು, ತಿದ್ದುಪಡಿಯ ವ್ಯಾಪ್ತಿಯನ್ನು ನೋಡಿದರೆ ಆ ವರ್ಗದ ಮೇಲಣ ದ್ವೇಷವಲ್ಲದೆ ಬೇರೆ ಕಾರಣ ಕಾಣದೆಂಬುದು. ಇಲ್ಲಿ ತೀರ್ಪು ಸಡಿಲವಾಗುತ್ತದೆ. ಲಕ್ಷಾಂತರ ಮತದಾರರ ಮನಸ್ಸನ್ನು ಅಳೆಯುವುದು ಕಷ್ಟ. ಅಳೆಯುವ ಅಗತ್ಯವೂ ಇರಲಿಲ್ಲ. ಸದ್ಭಾವದಿಂದ ಮತ ಹಾಕಿದರೂ ಮುಚ್ಚಿದ ಬಾಗಿಲು ಮುಚ್ಚಿದ ಬಾಗಿಲೇ. ‘ಬೋವರ್ಸ್’ ತೀರ್ಪಿನ ಹೆಸರನ್ನೇ ಎತ್ತದಿರುವುದು ಇನ್ನೊಂದು ದೋಷ. ಆ ಸಾಲವನ್ನು ಕೆನಡಿಯವರು ತೀರಿಸಿದ್ದು 2003ರಲ್ಲಿ, ‘ಲಾರೆನ್ಸ್’ ತೀರ್ಪಿನಲ್ಲಿ ಅದನ್ನು ರದ್ದುಪಡಿಸಿದಾಗ.

ಜನಮತ ಯಾವಾಗಲೂ ಅನುದಾರವೆಂದು ಹೇಳಲಾಗದು. ಸಲಿಂಗಾನುರಾಗಿ ಶಿಕ್ಷಕರನ್ನು ಶಾಲೆಗಳಿಂದ ಹೊರಗಿಡುವ ಸೂಚನೆಯನ್ನು ಕ್ಯಾಲಿಫೋರ್ನಿಯದ ಮತದಾರರು 1978ರಲ್ಲಿ ತಿರಸ್ಕರಿಸಿದರು. 2015ರಲ್ಲಿ ಐರ್ಲೆಂಡಿನ ಜನ ನೂರಕ್ಕೆ 62ರಂತೆ ಸಲಿಂಗವಿವಾಹವನ್ನು ಒಪ್ಪಿದರು. ಅದೇ ವರ್ಷ ಹ್ಯೂಸ್ಟನ್ ನಗರದಲ್ಲಿ ನಡೆದುದು ಬೇರೆ. ವರ್ಣ, ವಯಸ್ಸು, ಅಂಗವೈಕಲ್ಯ, ಗರ್ಭಾವಸ್ಥೆ ಮೊದಲಾದ 15 ಆಧಾರಗಳ ಮೇಲೆ ರಕ್ಷಣೆ ನೀಡಿದ್ದ ನಿಯಮವು, ಬಹುಮಟ್ಟಿಗೆ ಶೌಚಾಲಯಗಳನ್ನು ಕುರಿತ ಭೀತಿಯ ಪ್ರಚಾರಕ್ಕೆ ಸಿಕ್ಕಿ, ನೂರಕ್ಕೆ 61 ವಿರೋಧ ಮತಗಳಿಂದ ಬಿದ್ದುಹೋಯಿತು. ಗೆದ್ದರೆ ಸಂತೋಷ, ಸೋತರೆ ಮನೆ ಕೆಲಸಗಳಿಗೆ ಸಂಚಕಾರ: ಇಂಥ ಪಣಕ್ಕೆ ಒಂದು ವರ್ಗವನ್ನು ಮಾತ್ರ ಒಡ್ಡುವುದೇ ಅಸಮಾನತೆ.

ನಮ್ಮ ಸಂವಿಧಾನದಲ್ಲಿ ಜನಮತಗಣನೆಯ ವಿಧಾನವಿಲ್ಲ. ಸಂಖ್ಯೆಯ ವಾದ ಮಾತ್ರ ಇಲ್ಲಿಯೂ ಬಂದಿತು. 2013ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ದಂಡಸಂಹಿತೆಯ 377ನೆಯ ಕಲಮನ್ನು ಎತ್ತಿಹಿಡಿಯುವಾಗ, ಇವರು ಜನಸಂಖ್ಯೆಯ ಅತ್ಯಲ್ಪ ಭಾಗವೆಂಬುದನ್ನೂ ಒಂದು ಕಾರಣವಾಗಿ ಹೇಳಿತು. ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರಲ್ಲಿ, ಅದೇ ನ್ಯಾಯಾಲಯ ಆ ತರ್ಕವನ್ನು ದೋಷಯುಕ್ತವೆಂದಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠವು ವಯಸ್ಕರ ಸಮ್ಮತ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಬಿಡಿಸಿತು. ಅಂಬೇಡ್ಕರರು 1948ರಲ್ಲಿ ಸಂವಿಧಾನ ಸಭೆಯಲ್ಲಿ ಪ್ರಸ್ತಾಪಿಸಿದ ‘ಸಾಂವಿಧಾನಿಕ ನೈತಿಕತೆ’ಯೇ ಅಲ್ಲಿ ಆಧಾರವಾಯಿತು.

ಹೊರನಾಡಿನಲ್ಲಿ ಬಾಳುವ ಕನ್ನಡಿಗರಾದ ನಮಗೆ ಎಣಿಕೆಯಲ್ಲಿ ಕಡಮೆಯಾಗಿರುವುದೆಂದರೇನೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೆರೆಯವರ ಸೌಜನ್ಯ ದೊಡ್ಡದು. ಆದರೆ ಬಾಳುವೆಯ ಹಕ್ಕು ಅವರ ಮತದ ಮೇಲೆ ನಿಲ್ಲಬಾರದು.