ಬೆಳೆದದ್ದು ಆಟವೋ, ಉಪಕಾರವೋ: ವೆಸ್ಟರ್ನ್ ಗಾಲ್ಫ್ ಅಸೋಸಿಯೇಷನ್ನಿನ 2020

ಕ್ರೀಡಾಸಂಸ್ಥೆಗಳು ವರ್ಷದ ಕೊನೆಗೆ ತಮ್ಮ ಸಾಧನೆಯನ್ನು ಹೇಳಿಕೊಳ್ಳುವಾಗ ಎರಡು ಬಗೆಯ ಲೆಕ್ಕಗಳನ್ನು ಅಕ್ಕಪಕ್ಕದಲ್ಲಿಡುವುದು ರೂಢಿ: ಸದಸ್ಯರು, ಪಂದ್ಯಗಳು ಮತ್ತು ಆಟಗಾರರ ಸಂಖ್ಯೆ ಎಷ್ಟು ಏರಿತು ಎಂಬುದು ಮೊದಲನೆಯದು, ಸಮಾಜಕ್ಕೆ ಆದ ಪ್ರಯೋಜನವೆಷ್ಟು ಎಂಬುದು ಎರಡನೆಯದು. ಎರಡನ್ನೂ ಒಂದೇ ಪುಟದಲ್ಲಿ ಓದಿದವರಿಗೆ ಬೆಳವಣಿಗೆಯ ಬೆನ್ನಿಗೇ ಪ್ರಯೋಜನವೂ ತಾನಾಗಿ ಬಂದಿರಬೇಕೆಂದು ತೋರುತ್ತದೆ. 1899ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಹುಟ್ಟಿದ ವೆಸ್ಟರ್ನ್ ಗಾಲ್ಫ್ ಅಸೋಸಿಯೇಷನ್ನಿನ 2020ನೆಯ ವರ್ಷ ಈ ನಂಬಿಕೆಯನ್ನು ಪರೀಕ್ಷಿಸಲು ತಕ್ಕ ನಿದರ್ಶನ. ಏಕೆಂದರೆ ಆ ವರ್ಷ ಗಾಲ್ಫ್ ಆಟ ಹೆಚ್ಚಿದ್ದಕ್ಕೂ, ಆ ಸಂಸ್ಥೆಯ ಸಮಾಜಸೇವೆಯ ಅಡಿಪಾಯ ಇಕ್ಕಟ್ಟಿಗೆ ಸಿಲುಕಿದ್ದಕ್ಕೂ ಕಾರಣ ಒಂದೇ ಆಗಿತ್ತು.

ಈ ಸಂಸ್ಥೆಯ ಹೆಸರು ಪಂದ್ಯಾವಳಿಗಳಿಗಿಂತ ಹೆಚ್ಚಾಗಿ ಕ್ಯಾಡಿಗಳ ಶಿಕ್ಷಣದೊಂದಿಗೆ ಬೆಸೆದುಕೊಂಡಿದೆ. ಆಟಗಾರರ ಕ್ಲಬ್ಬುಗಳ ಚೀಲವನ್ನು ಹೊತ್ತು, ಚೆಂಡು ಬಿದ್ದ ಜಾಗವನ್ನು ಗುರುತಿಟ್ಟು, ಮೈದಾನದ ಏರಿಳಿತವನ್ನು ತಿಳಿಸುತ್ತ ಜೊತೆಯಲ್ಲಿ ನಡೆಯುವವರೇ ಕ್ಯಾಡಿಗಳು. ಬಾಲ್ಯದಲ್ಲಿ ಅದೇ ಕೆಲಸ ಮಾಡಿದ್ದ ಶಿಕಾಗೊದ ಚಿಕ್ ಇವಾನ್ಸ್ 1916ರಲ್ಲಿ ಅಮೆರಿಕದ ಓಪನ್ ಮತ್ತು ಅಮೆಚೂರ್ ಪ್ರಶಸ್ತಿಗಳೆರಡನ್ನೂ ಒಂದೇ ವರ್ಷದಲ್ಲಿ ಗೆದ್ದರು. ಆಟದಿಂದ ಹಣ ಗಳಿಸಿದವರನ್ನು ಹವ್ಯಾಸಿ ವರ್ಗದಿಂದ ಹೊರಗಿಡುವ ಅಂದಿನ ನಿಯಮದ ಕಾರಣ, ಗಾಲ್ಫ್ ಪಾಠಗಳ ಧ್ವನಿಮುದ್ರಿಕೆಗಳಿಂದ ಬರಬೇಕಾದ ಸಂಭಾವನೆಯನ್ನು ಅವರು ಸ್ವಂತಕ್ಕೆ ಬಳಸುವಂತಿರಲಿಲ್ಲ. ಅದನ್ನು ಕ್ಯಾಡಿಗಳ ಓದಿಗೆ ವಿನಿಯೋಗಿಸಬೇಕೆಂಬ ತಾಯಿಯ ಸಲಹೆಯನ್ನು ಇವಾನ್ಸ್ ಒಪ್ಪಿದರು, ನಿಧಿಯ ಆಡಳಿತವನ್ನು ಅಸೋಸಿಯೇಷನ್ ವಹಿಸಿಕೊಂಡಿತು, 1930ರಲ್ಲಿ ಇಬ್ಬರು ಕ್ಯಾಡಿಗಳು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯವನ್ನು ಸೇರಿದರು. ಹಣದ ಅಡಚಣೆಯಿಂದ ಅದೇ ವಿಶ್ವವಿದ್ಯಾಲಯದ ಓದನ್ನು ನಡುವೆಯೇ ಬಿಟ್ಟಿದ್ದ ಇವಾನ್ಸ್ ಅವರ ಹೆಸರಿನ ಈ ವಿದ್ಯಾರ್ಥಿವೇತನದಿಂದ 2020ರ ಹೊತ್ತಿಗೆ ಪದವಿ ಪಡೆದಿದ್ದವರು 11,000ಕ್ಕೂ ಹೆಚ್ಚು.

2020ರ ಬೆಳವಣಿಗೆ ಸಂಸ್ಥೆಯ ಯೋಜನೆಯಿಂದ ಆದದ್ದಲ್ಲ. ಕೋವಿಡ್ ಸೋಂಕು ಒಳಾಂಗಣದ ಮನರಂಜನೆಗಳನ್ನೆಲ್ಲ ಮುಚ್ಚಿಸಿದಾಗ, ಬಯಲಿನಲ್ಲಿ ಅಂತರ ಕಾಯ್ದುಕೊಂಡು ಆಡಬಹುದಾದ ಗಾಲ್ಫ್ ಜನರಿಗೆ ಒಂದು ಬಿಡುಗಡೆಯಾಗಿ ಕಂಡಿತು. ಅಮೆರಿಕದಲ್ಲಿ ಆಡಿದ ಸುತ್ತುಗಳ ಒಟ್ಟು ಸಂಖ್ಯೆ, ವಸಂತದಲ್ಲಿ ಹಲವು ವಾರ ಮೈದಾನಗಳು ಮುಚ್ಚಿದ್ದರೂ, ಹಿಂದಿನ ವರ್ಷಕ್ಕಿಂತ ಸುಮಾರು ಶೇ. 14ರಷ್ಟು ಹೆಚ್ಚಿತು. ಆದರೆ ಅದೇ ಸೋಂಕಿನ ಭಯದಿಂದ ಒಬ್ಬರ ಚೀಲವನ್ನು ಇನ್ನೊಬ್ಬರು ಮುಟ್ಟುವುದು ಸಲ್ಲದೆಂದಾಗಿ, ಋತುವಿನ ಆರಂಭದಲ್ಲಿ ಹಲವೆಡೆ ಕ್ಯಾಡಿಗಳಿಗೆ ಕೆಲಸವೇ ಇಲ್ಲವಾಯಿತು. ಸಂಸ್ಥೆ ನಡೆಸುವ ಬಿಎಂಡಬ್ಲ್ಯು ಚಾಂಪಿಯನ್‌ಷಿಪ್‌ನ ಆದಾಯ ವಿದ್ಯಾರ್ಥಿವೇತನದ ನಿಧಿಗೆ ಸಲ್ಲುತ್ತದೆ. ಆ ಪಂದ್ಯಾವಳಿ ಆಗಸ್ಟ್‌ನಲ್ಲಿ ಶಿಕಾಗೊ ಬಳಿಯ ಒಲಿಂಪಿಯಾ ಫೀಲ್ಡ್ಸ್‌ನಲ್ಲಿ ಪ್ರೇಕ್ಷಕರಿಲ್ಲದೆ ನಡೆಯಿತು. ಮೈದಾನಗಳು ತುಂಬಿದ ಕಾಲದಲ್ಲಿಯೇ ಕ್ಯಾಡಿಯ ದುಡಿಮೆಯೂ ಟಿಕೆಟಿನ ಹಣವೂ ಕುಗ್ಗಿದ್ದನ್ನು ಗಮನಿಸಿದರೆ, ಆಟದ ಏರಿಕೆಯನ್ನು ಸಾಮಾಜಿಕ ಪ್ರಯೋಜನದ ಸೂಚಿಯೆಂದು ಓದುವ ಅಭ್ಯಾಸ ಎಷ್ಟು ದುರ್ಬಲವೆಂಬುದು ಸ್ಪಷ್ಟವಾಗುತ್ತದೆ.

ಇಷ್ಟಾಗಿಯೂ ವಿದ್ಯಾರ್ಥಿವೇತನ ನಿಲ್ಲಲಿಲ್ಲ. ಆ ವರ್ಷವೂ ಸುಮಾರು 1,000 ವಿದ್ಯಾರ್ಥಿಗಳು ಅದರ ನೆರವಿನಲ್ಲಿ ಓದುತ್ತಿದ್ದರು. ಸಂಸ್ಥೆಯ ಗಟ್ಟಿತನವನ್ನು ಹುಡುಕಬೇಕಾದದ್ದು ಇಲ್ಲಿ. ಒಂದು ದೊಡ್ಡ ಪಂದ್ಯಾವಳಿಯನ್ನಷ್ಟೇ ನೆಚ್ಚಿಕೊಳ್ಳದೆ, ಕ್ಲಬ್ಬುಗಳ ಸದಸ್ಯರು ವರ್ಷವರ್ಷವೂ ಕೊಡುವ ದೇಣಿಗೆಯ ಜಾಲವನ್ನು ಹಲವು ದಶಕಗಳಿಂದ ಕಟ್ಟಿಕೊಂಡು ಬಂದದ್ದು, ಕೈಕಟ್ಟಿದ ವರ್ಷದಲ್ಲಿ ಕಣಜದಂತೆ ಒದಗಿತು. ಆಯ್ಕೆಯ ಕ್ರಮವೂ ಗಮನಾರ್ಹವಾದುದು: ಕ್ಯಾಡಿಯಾಗಿ ಮಾಡಿದ ಕೆಲಸ, ಓದಿನಲ್ಲಿ ತೋರಿದ ಶಕ್ತಿ, ಕುಟುಂಬದ ಆರ್ಥಿಕ ಅಗತ್ಯ ಮತ್ತು ನಡತೆ ಎಂಬ ನಾಲ್ಕು ಅಂಶಗಳನ್ನು ಒಟ್ಟಿಗೆ ತೂಗಲಾಗುತ್ತದೆ, ಗಾಲ್ಫ್ ಆಡುವ ಕೌಶಲ ಅದರಲ್ಲಿ ಸೇರಿಲ್ಲ. ಆಯ್ಕೆಯಾದವರಿಗೆ ಬೋಧನಾ ಶುಲ್ಕದ ಜೊತೆಗೆ ವಸತಿಯೂ ಸಿಗುತ್ತದೆ, ಹಲವು ವಿಶ್ವವಿದ್ಯಾಲಯಗಳಲ್ಲಿ ಅವರೆಲ್ಲ ಒಂದೇ ಮನೆಯಲ್ಲಿ ಕೂಡಿ ಬಾಳುತ್ತಾರೆ. ಆಟದಲ್ಲಿ ಗೆದ್ದವರಿಗೆ ಬಹುಮಾನ ಕೊಡುವ ಪದ್ಧತಿಗಿಂತ ಇದು ಭಿನ್ನ. ಆಟ ನಡೆಯಲು ದುಡಿದವರ ಋಣವನ್ನು ಆಟದ ಲೋಕ ಒಪ್ಪಿಕೊಳ್ಳುವ ಬಗೆ ಇದು.

ಆದರೆ ಈ ಮೆಚ್ಚುಗೆ ಸಂಸ್ಥೆಯ ಮಿತಿಗಳನ್ನು ಮರೆಮಾಚಬಾರದು. ಅದರ ಮುಖ್ಯ ಪಂದ್ಯಾವಳಿಯಾಗಿದ್ದ ವೆಸ್ಟರ್ನ್ ಓಪನ್ 1974ರಿಂದ 1990ರವರೆಗೆ ನಡೆದದ್ದು ಗಂಡಸರಿಗೆ ಮಾತ್ರ ಸದಸ್ಯತ್ವ ಕೊಡುತ್ತಿದ್ದ ಬಟ್ಲರ್ ನ್ಯಾಷನಲ್ ಕ್ಲಬ್ಬಿನಲ್ಲಿ. 1990ರಲ್ಲಿ ಅಲಬಾಮಾದ ಶೋಲ್ ಕ್ರೀಕ್ ಕ್ಲಬ್ಬಿನ ವರ್ಣಭೇದದ ವಿವಾದ ಸ್ಫೋಟಿಸಿ, ಸದಸ್ಯತ್ವದಲ್ಲಿ ತಾರತಮ್ಯ ಮಾಡುವ ಕ್ಲಬ್ಬುಗಳಲ್ಲಿ ಪಂದ್ಯ ನಡೆಸುವುದಿಲ್ಲವೆಂದು ವೃತ್ತಿಪರ ಪಂದ್ಯಾವಳಿಗಳ ಸಂಸ್ಥೆಯಾದ ಪಿಜಿಎ ಟೂರ್ ನಿಯಮ ಮಾಡಿದ ಮೇಲೆಯೇ, ವೆಸ್ಟರ್ನ್ ಓಪನ್ 1991ರಲ್ಲಿ ಹಣ ಕೊಟ್ಟು ಯಾರು ಬೇಕಾದರೂ ಆಡಬಹುದಾದ ಕಾಗ್ ಹಿಲ್ ಮೈದಾನಕ್ಕೆ ಬಂದದ್ದು. ಬಡಮಕ್ಕಳ ಓದಿಗೆ ನಿಧಿ ಕೂಡಿಸುತ್ತಿದ್ದ ಸಂಸ್ಥೆಗೆ ಹೆಂಗಸರ ಮುಂದೆ ಮುಚ್ಚಿದ ಬಾಗಿಲು ಹದಿನೇಳು ವರ್ಷ ಅಡ್ಡಿಯೆನಿಸಲಿಲ್ಲ ಎಂಬುದನ್ನು ಅದರ ಚರಿತ್ರೆಯಿಂದ ಅಳಿಸಲಾಗದು. ಎರಡನೆಯ ಮಿತಿ ಯೋಜನೆಯ ಒಳರಚನೆಯಲ್ಲಿಯೇ ಇದೆ. ವಿದ್ಯುತ್ ಗಾಡಿಗಳು ಚೀಲ ಹೊರುವವರನ್ನು ಬಹುಮಟ್ಟಿಗೆ ಅನಗತ್ಯಗೊಳಿಸಿರುವುದರಿಂದ ಕ್ಯಾಡಿಗಳನ್ನು ಈಗಲೂ ಉಳಿಸಿಕೊಂಡಿರುವುದು ಹೆಚ್ಚಾಗಿ ಸಿರಿವಂತ ಉಪನಗರಗಳ ಖಾಸಗಿ ಕ್ಲಬ್ಬುಗಳು. ನೆರವು ತೀರಾ ಬೇಕಾದ ಮಕ್ಕಳು ಅಲ್ಲಿಂದ ದೂರವಿರುತ್ತಾರೆ. ಬೇಸಗೆಯಲ್ಲಿ ಹುಡುಗಿಯರಿಗೆ ವಸತಿ ಕೊಟ್ಟು ಕ್ಯಾಡಿ ಕೆಲಸ ಕೊಡಿಸುವ ಕ್ಯಾಡಿ ಅಕಾಡೆಮಿಯನ್ನು ಸಂಸ್ಥೆ ಆರಂಭಿಸಿದ್ದು ಈ ದೂರವನ್ನು ತಗ್ಗಿಸುವ ಒಳ್ಳೆಯ ಯತ್ನವಾದರೂ, ಮೂಲ ಯೋಜನೆ ಎಲ್ಲರನ್ನೂ ತಲುಪುತ್ತಿರಲಿಲ್ಲವೆಂಬುದಕ್ಕೆ ಅದೇ ಸಾಕ್ಷಿಯೂ ಹೌದು.

ಆಟಕ್ಕಾಗಿ ದುಡಿದ ಕ್ಯಾಡಿಗಳಿಗೆ ಯಾವ ಹಾದಿ ತೆರೆದಿದೆಯೆಂಬ ಪ್ರಶ್ನೆ ಕರ್ನಾಟಕದ ಗಾಲ್ಫ್ ಚರಿತ್ರೆಯನ್ನು ಬಲ್ಲವರಿಗೆ ದೂರದ್ದೆನಿಸದು. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಬದುಕು ಆರಂಭಿಸಿದ ಸಿ. ಮುನಿಯಪ್ಪ 2009ರ ಇಂಡಿಯನ್ ಓಪನ್ ಗೆದ್ದರು. ಬಿಡದಿ ಬಳಿಯ ಗಾಲ್ಫ್ ರೆಸಾರ್ಟಿನಲ್ಲಿ ಕ್ಯಾಡಿಯಾಗಿದ್ದ ಎಸ್. ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾಗಿ ಹೆಸರು ಮಾಡಿದರು. ಇವು ಹೆಮ್ಮೆಯ ಕಥೆಗಳು ನಿಜ, ಆದರೆ ಅಪರೂಪದ ಕೈಚಳಕ ಇದ್ದವರಿಗಷ್ಟೇ ತೆರೆದ ಹಾದಿಯ ಕಥೆಗಳು. ಚೆನ್ನಾಗಿ ಆಡಲಾರದ, ಆದರೆ ಓದಬಲ್ಲ ಕ್ಯಾಡಿಗೆ ಯಾವ ದಾರಿಯೆಂಬ ಪ್ರಶ್ನೆಗೆ ಇವಾನ್ಸ್ ಯೋಜನೆ ಕೊಡುವ ಉತ್ತರ, ಗೆದ್ದವರ ಯಶೋಗಾಥೆಗಿಂತ ಹೆಚ್ಚು ಜನರನ್ನು ಒಳಗೊಳ್ಳಬಲ್ಲುದು.

ಒಟ್ಟಿನಲ್ಲಿ 2020 ಈ ಸಂಸ್ಥೆಯ ಮಟ್ಟಿಗೆ ಬೆಳವಣಿಗೆಯ ವರ್ಷವೆನ್ನುವುದಕ್ಕಿಂತ ತಾಳಿಕೆಯ ವರ್ಷವೆನ್ನುವುದು ಸರಿ. ಆಟಕ್ಕೆ ಹೊಸಬರು ಬಂದದ್ದರ ಹೆಗ್ಗಳಿಕೆ ಸಂಸ್ಥೆಗೆ ಸಲ್ಲದು. ಟಿಕೆಟಿನ ಆದಾಯ ಕುಸಿದಾಗಲೂ ವಿದ್ಯಾರ್ಥಿಗಳ ಕೈಬಿಡದೆ ನಡೆಸಿದ್ದರ ಹೆಗ್ಗಳಿಕೆ ಖಂಡಿತ ಸಲ್ಲುತ್ತದೆ. ಕಾರ್ಯವಿಧಾನದಲ್ಲಿ ಅದು ಮಾದರಿ, ವ್ಯಾಪ್ತಿಯಲ್ಲಿ ಇನ್ನೂ ಅಪೂರ್ಣ. ಇಂತಹ ಸಂಸ್ಥೆಗಳ ವಾರ್ಷಿಕ ಲೆಕ್ಕದಲ್ಲಿ ಆಡಿದ ಸುತ್ತುಗಳ ಸಂಖ್ಯೆಗಿಂತ ಮೊದಲು ಬರಬೇಕಾದ ವಿವರಗಳೆಂದರೆ, ಆ ವರ್ಷ ಎಷ್ಟು ಮಕ್ಕಳಿಗೆ ಕ್ಯಾಡಿ ಕೆಲಸ ಸಿಕ್ಕಿತು, ಅವರು ಯಾವ ಬಡಾವಣೆಗಳಿಂದ ಬಂದರು, ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಅವರಲ್ಲಿ ಎಷ್ಟು ಎಂಬವು. ಆ ಅಂಕಿಗಳು ಏರಿದ ವರ್ಷವನ್ನು ಮಾತ್ರ ಸಮಾಜದ ಪಾಲಿಗೂ ಬೆಳವಣಿಗೆಯ ವರ್ಷವೆಂದು ಕರೆಯಲು ಆಧಾರವಿರುತ್ತದೆ.